ಅಲುಗದ ಗೆರೆ

ಕಚೇರಿಯಲ್ಲಿ ಅವಳಿಗೆ ‘ಬಿಡಿಸಮ್ಮ’ ಎಂದೇ ಅಡ್ಡಹೆಸರು. ಊರಿಗೆ ಅಂಟಿಕೊಂಡ ಗುಡ್ಡದ ಮೇಲೆ ಆರು ಕಂಬ ನೆಟ್ಟು, ಉಪಗ್ರಹಗಳ ಸಂಕೇತ ಹಿಡಿಯುವ ರಿಸೀವರ್‌ಗಳನ್ನು ಕೂರಿಸಿದ್ದರು. ಅವು ದಿನವೂ ಕಳಿಸುತ್ತಿದ್ದ ಫೈಲು ಮನುಷ್ಯರು ಓದುವಂಥದ್ದಲ್ಲ. ತೆರೆದರೆ ಪರದೆಯ ತುಂಬ ಬರೀ ಗೀಚುಗಳು. ಅದನ್ನು ಬಿಡಿಸಿ, ಪ್ರತಿ ಅರ್ಧ ನಿಮಿಷಕ್ಕೂ ಕಂಬ ಎಲ್ಲಿತ್ತೆಂದು ಸಾಲುಸಾಲಾಗಿ ಬರೆದುಕೊಡುವ ಪ್ರೋಗ್ರಾಮನ್ನು ಹನ್ನೊಂದು ವರ್ಷದ ಹಿಂದೆ ಅವಳೇ ಬರೆದಿದ್ದಳು. ಗುಡ್ಡ ಜಾರುತ್ತಿದೆಯೋ ಇಲ್ಲವೋ ಎಂದು ಊರಿಗೆ ತಿಳಿಯುತ್ತಿದ್ದುದು ಆ ಸಾಲುಗಳಿಂದಲೇ.

ಆ ಪ್ರೋಗ್ರಾಮಿನ ಮೇಲೆ ಅವಳಿಗೆ ಹೆತ್ತಮ್ಮನ ಮಮತೆ. ಹೊಸದನ್ನು ಕೊಳ್ಳೋಣ ಎಂದವರ ಮುಂದೆಯೇ ಮೂಗು ಮುರಿಯುತ್ತಿದ್ದಳು.

ಮೊದಮೊದಲು ಕಂಬಗಳು ಸಾಲುಗಳಲ್ಲಿ ಮಂಗನ ಹಾಗೆ ಎಗರಾಡುತ್ತಿದ್ದವು. ಗುಡ್ಡ ಹತ್ತಿಳಿದು ಸೋತಿದ್ದ ಸರ್ವೇಯರ್ ಕೈಮುಗಿದುಬಿಟ್ಟ: “ಮರದ ಕೊಂಬೆ ಸಿಗ್ನಲ್ ಕೆಡಿಸುತ್ತೆ ಮೇಡಂ, ನಾನೇನು ಮಾಡ್ಲಿ? ನೀವೇ ಅಲ್ಲೇ ಏನಾದ್ರೂ ಸರಿಮಾಡಿ.”

ಅವಳು ಸರಿಮಾಡಿದಳು. ಮೊದಲ ದಿನ ಕಂಬವಿದ್ದ ಜಾಗದಿಂದ ಮೂರು ಸೆಂಟಿಮೀಟರಿಗಿಂತ ದೂರ ತೋರಿಸುವ ಸಾಲೆಲ್ಲ ಸುಳ್ಳು, ಎಸೆದುಬಿಡು ಎಂದು ಪ್ರೋಗ್ರಾಮಿಗೆ ಒಂದೇ ಒಂದು ಆಜ್ಞೆ ಸೇರಿಸಿದಳು. ಅಂದಿನಿಂದ ವರದಿಯಲ್ಲಿ ಕಂಬದ ಜಾಗ ತೋರಿಸುವ ಗೆರೆ ನೆಟ್ಟಗೆ ನಿಂತಿತು. ಎಲ್ಲರಿಗೂ ಖುಷಿ. ಎಸೆದದ್ದೆಷ್ಟು ಎಂದು ಎಣಿಸುವ ಗೋಜಿಗೆ ಮಾತ್ರ ಆ ಮಹಾಜಾಣೆ ಹೋಗಲಿಲ್ಲ. ತಂಗಿ ಗುಡ್ಡದ ಬುಡದಲ್ಲಿ ಮನೆ ಕೊಳ್ಳುವಾಗಲೂ ಅದೇ ಗೆರೆ ತೋರಿಸಿ, “ಕೂದಲೆಳೆಯಷ್ಟೂ ಅಲುಗಿಲ್ಲ, ಕಣ್ಣುಮುಚ್ಕೊಂಡು ತಗೋ” ಎಂದಿದ್ದಳು.

ಈ ವಾರ ಕಚೇರಿಯ ಮುಖ್ಯಸ್ಥ ಅವಳ ಮಾತು ಕೇಳದೆ ಹೊಸ ಪ್ರೋಗ್ರಾಮು ತರಿಸಿದ. ಒಂದು ಕಂಬದ ಒಂದೇ ದಿನದ ಫೈಲನ್ನು ಎರಡಕ್ಕೂ ಕೊಟ್ಟರೆ ಹೊಸದು ಎರಡು ಸಾವಿರದ ಎಂಟುನೂರ ಎಂಬತ್ತು ಸಾಲು ಕೊಟ್ಟಿತು. ಅವಳದು ನೂರ ನಲವತ್ತು.

“ಕಾಳು ಯಾವುದು, ಜೊಳ್ಳು ಯಾವುದು ಅಂತ ಇದಕ್ಕೆ ಗೊತ್ತಿಲ್ಲ” ಎಂದು ನಕ್ಕು, ಹೊಸದರ ಮಾನ ಕಳೆಯಲೆಂದೇ ತನ್ನ ಪ್ರೋಗ್ರಾಮು ಎಸೆದ ಸಾಲುಗಳನ್ನು ನಕ್ಷೆಗೆ ಹಾಕಿದಳು.

ಸುಳ್ಳು ಸಾಲುಗಳಾಗಿದ್ದರೆ ದಿಕ್ಕಾಪಾಲಾಗಿ ಚೆದುರಬೇಕಿತ್ತು. ಇವೆಲ್ಲ ಒಂದೇ ಕಡೆ ಗುಂಪಾಗಿ ಕೂತಿದ್ದವು, ಇಳಿಜಾರಿನತ್ತ ಹನ್ನೊಂದು ಸೆಂಟಿಮೀಟರು ಕೆಳಗೆ. ಮಿಕ್ಕ ಐದು ಕಂಬಗಳನ್ನೂ ನೋಡಿದಳು, ಅವೂ ಹಾಗೆಯೇ. ಹಳೆಯ ಫೈಲುಗಳನ್ನೂ ಹೊಸದರಲ್ಲಿ ಬಿಡಿಸಿ ನೋಡಿದಳು. ಗುಡ್ಡ ವರ್ಷಗಳಿಂದ ಇಂಚಿಂಚಾಗಿ ಜಾರಿತ್ತು, ಅವಳ ಪ್ರೋಗ್ರಾಮು ನಿಜವನ್ನೆಲ್ಲ ಎಸೆದು, ಹಳೆಯ ಜಾಗದ ಹತ್ತಿರ ಅಕಸ್ಮಾತ್ತಾಗಿ ಬಿದ್ದ ಕೆಟ್ಟ ಸಾಲುಗಳನ್ನು ಮಾತ್ರ ಉಳಿಸಿಕೊಂಡಿತ್ತು. ಹನ್ನೊಂದರಲ್ಲಿ ನಾಲ್ಕು ಸೆಂಟಿಮೀಟರು ಕಳೆದ ವಾರದ್ದು.

ಮುಖ್ಯಸ್ಥನ ಮೇಜಿನ ಮೇಲೆ ನಕ್ಷೆ ಇಟ್ಟಳು. ಆತ ಕೂಡಲೇ ಅಗ್ನಿಶಾಮಕದವರಿಗೆ ಫೋನು ಹಚ್ಚಿದ. ಅವಳು ತಂಗಿಗೆ ಹಚ್ಚಿದಳು.

“ಮನೆ ಬಿಟ್ಟು ಹೊರಡು. ಈಗ್ಲೇ. ಗುಡ್ಡ ಜಾರ್ತಿದೆ ಕಣೇ.”

“ಏನಕ್ಕ, ಒಳ್ಳೆ ತಮಾಷೆ! ಮಗು ಈಗಷ್ಟೇ ಮಲಗಿದೆ.” ತಂಗಿ ನಕ್ಕಳು. “ಅಲುಗಲ್ಲ ಅಂದಿದ್ದು ನೀನೇ ಅಲ್ವಾ? ಮುಂಬಾಗಿಲು ಕಚ್ಕೊಳ್ತಿದೆ, ಗೋಡೆ ಒತ್ತುತ್ತಿರಬೇಕು ಅಂತ ಬಡಗಿ ಅಂದ. ನಮ್ಮಕ್ಕ ದಿನಾ ಗುಡ್ಡ ಅಳೀತಾಳೆ, ನೀನು ಬಾಗಿಲಿನ ಅಂಚು ಉಜ್ಜಿಕೊಟ್ಟು ಹೋಗಯ್ಯಾ ಅಂತ ಬೈದೆ. ಈ ತಿಂಗಳು ಮೂರು ಸಲ ಉಜ್ಜಿದ, ಪಾಪ.”

“ತಪ್ಪು ನಂದು! ನಾನೇ ತಪ್ಪು ಹೇಳಿದ್ದೆ! ಮಗೂನ ಎತ್ಕೊಂಡು ಓಡೇ!” ಅವಳ ಕೂಗಿಗೆ ಇಡೀ ಕಚೇರಿ ತಿರುಗಿ ನೋಡಿತು.

ಆ ಕಡೆ ತಂಗಿಯ ಹೆಜ್ಜೆ ಸದ್ದು ಕೇಳಿತು, ಎಚ್ಚರವಾದ ಮಗುವಿನ ಅಳು ಕೇಳಿತು. ಚಿಲಕ ಸರಿದ ಸದ್ದೂ ಬಂತು. ಆಮೇಲೆ ಧಡ್ ಎಂದು ಒಮ್ಮೆ, ಮತ್ತೊಮ್ಮೆ.

“ಅಕ್ಕಾ,” ತಂಗಿ ಏದುಸಿರು ಬಿಡುತ್ತಿದ್ದಳು, “ಬಾಗಿಲು ತೆಗೆಯೋಕೆ ಬರ್ತಿಲ್ಲ.”