ದೊಡ್ಡಮ್ಮನ ಎಲೆ, ನನ್ನ ಹಿಂದಿ

ಹೊಳಲ್ಕೆರೆಯಲ್ಲಿ ಎಮ್ಮೆ ತಪ್ಪಿಸಿಕೊಂಡರೆ, ಓಲೆ ಕಳೆದರೆ ಜನ ಮೊದಲು ಬರುವುದು ನನ್ನ ದೊಡ್ಡಮ್ಮನ ಜಗಲಿಗೆ. ಅವಳು ವೀಳ್ಯದೆಲೆಗೆ ಕರಿ ಅಂಜನ ಬಳಿದು, ಅದನ್ನೇ ದಿಟ್ಟಿಸಿ ನೋಡಿ, ಕಳೆದದ್ದು ಎಲ್ಲಿದೆ ಎಂದು ಹೇಳುತ್ತಾಳೆ. ಕದ್ದವರ ಹೆಸರು ಮಾತ್ರ ಹೇಳುವುದಿಲ್ಲ. "ವಸ್ತು ಕೇಳಿ, ಹೇಳ್ತೀನಿ. ಹೆಸರು ಕೇಳೋದಾದ್ರೆ ಎದ್ದು ಹೋಗಿ" ಎನ್ನುತ್ತಾಳೆ. ಊರಿಗೆಲ್ಲ ಕಂಡದ್ದು ಹೇಳುವ ಈ ಹೆಂಗಸು, ತನ್ನ ಎರಡೂ ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆಂದು ಘಾಜಿಯಾಬಾದಿನ ನಮ್ಮ ಫ್ಲ್ಯಾಟಿಗೆ ಬಂದಳು. ನಾನು ನಕ್ಕಿದ್ದಕ್ಕೆ, "ನಗೇ, ನಗು. ಎಲೆ ನೋಡೋಕೆ ಈ ಕಣ್ಣು ಬೇಡ" ಎಂದಳು.

ಅವಳು ಬಂದ ವಾರದಲ್ಲೇ ಮೇಲಿನ ಮಹಡಿಯ ಮುದುಕಿಯ ಕೊಲೆಯಾಯಿತು. ರಿಟೈರ್ ಆದ ಟೀಚರ್, ಒಳ್ಳೆಯವಳು, ನನ್ನ ಚಕ್ಕುಲಿ ಅಂದರೆ ಪ್ರಾಣ. ಯಾರೋ ಮುಖಕ್ಕೆ ದಿಂಬು ಒತ್ತಿ ಕೊಂದಿದ್ದರು. ಕೈಯಲ್ಲಿದ್ದ ಎರಡು ಚಿನ್ನದ ಬಳೆ ಮಾಯ. ಕೊನೆಯದಾಗಿ ಆ ಮನೆಗೆ ಹೋದವನು ಬಟ್ಟೆ ಕೊಡಲು ಬಂದ ಇಸ್ತ್ರಿ ಭಯ್ಯಾ ಎಂದು ಅವಳ ಜೊತೆಗಿದ್ದ ಅಣ್ಣನ ಮಗ ಹೇಳಿದ. ಅಷ್ಟೇ ಸಾಕಾಯಿತು. ಪೊಲೀಸರು ಇಸ್ತ್ರಿ ಭಯ್ಯಾನನ್ನು ಎಳೆದುಕೊಂಡು ಹೋದರು. ನಮ್ಮ ಸೊಸೈಟಿಯವರಂತೂ ಅವತ್ತೇ ಅವನನ್ನು ಗಲ್ಲಿಗೇರಿಸಿಬಿಟ್ಟರು. ನಿನ್ನೆಯವರೆಗೆ "ಭಯ್ಯಾ, ರೇಷ್ಮೆ ಸೀರೆ, ಹುಷಾರು" ಎನ್ನುತ್ತಿದ್ದ ಬಾಯಿಗಳು! ನನಗೆ ಮೈಯೆಲ್ಲ ಉರಿದುಹೋಯಿತು.

ಅವನ ಹೆಂಡತಿ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳು. ದೊಡ್ಡಮ್ಮನ ವಿದ್ಯೆಯ ವಿಷಯ ನಾನೇ ಅವಳಿಗೆ ಹೇಳಿಕೊಂಡಿದ್ದೆ. ನನ್ನ ಬಾಯಿಗೆ ಬೀಗವಿಲ್ಲ. ಅವಳು ಓಡಿಬಂದು ದೊಡ್ಡಮ್ಮನ ಕಾಲು ಹಿಡಿದಳು. "ಮಾತಾಜಿ, ಬಳೆ ಎಲ್ಲಿದೆ ಹೇಳಿ. ಇಲ್ದಿದ್ರೆ ನನ್ನ ಗಂಡನ್ನ ಹೊಡೆದೇ ಸಾಯಿಸ್ತಾರೆ." ದೊಡ್ಡಮ್ಮನಿಗೆ ಹಿಂದಿ ಒಂದಕ್ಷರ ಬಾರದು. ನಾನು ಕನ್ನಡದಲ್ಲಿ ಹೇಳಿದ ಕೂಡಲೇ "ಎಲೆ ತರಿಸು" ಎಂದಳು. ಪಾನ್ ಅಂಗಡಿಯಿಂದ ತರಿಸಿದ ಎಲೆಗಳ ತೊಟ್ಟನ್ನೆಲ್ಲ ಕತ್ತರಿಸಿಬಿಟ್ಟಿದ್ದರು. "ತೊಟ್ಟಿಲ್ಲದ ಎಲೇಲಿ ಏನು ನೋಡ್ಲಿ, ನಿನ್ನ ತಲೆ!" ಎಂದು ಬೈಸಿಕೊಂಡು, ನಾನೇ ಹೋಗಿ ಆರಿಸಿ ತಂದೆ.

ಅಷ್ಟರಲ್ಲಿ ಸುದ್ದಿ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿ, ಭಾನುವಾರ ಬೆಳಿಗ್ಗೆ ನಮ್ಮ ಹಾಲ್ ತುಂಬಿಹೋಯಿತು. ಎದುರು ಫ್ಲ್ಯಾಟಿನ ಕೊಡಗಿನ ಸುಬೇದಾರರು ಬಂದರು. ಸೈನ್ಯದಿಂದ ನಿವೃತ್ತರಾದವರು, ಆ ಕಟ್ಟಡದಲ್ಲಿ ನಮ್ಮನ್ನು ಬಿಟ್ಟರೆ ಕನ್ನಡ ಬಲ್ಲವರು ಅವರೊಬ್ಬರೇ. ಸತ್ತವಳ ಅಣ್ಣನ ಮಗನೂ ಸೇಬಿನ ಚೀಲ ಹಿಡಿದು ಬಂದ. ದೊಡ್ಡಮ್ಮನ ಕಾಲಿಗೆ ಬಿದ್ದ, ನನ್ನ ಕಾಲಿಗೂ ಬಿದ್ದ. ಅತಿ ವಿನಯಂ ಧೂರ್ತ ಲಕ್ಷಣಂ ಅಂದುಕೊಂಡೆ; ಆಮೇಲೆ, ಪಾಪ, ಸೋದರತ್ತೆಯನ್ನು ಕಳೆದುಕೊಂಡವನು ಎಂದು ಸುಮ್ಮನಾದೆ. ಮೇಲೆ ಪೊಲೀಸರು ಮನೆಯನ್ನೆಲ್ಲ ತಡಕಾಡುತ್ತಿದ್ದಾರೆ ಎಂದ. "ಬಳೆ ಇಸ್ತ್ರಿಯವನ ಗುಡಿಸಲಲ್ಲಿದೆಯಾ ಕೇಳಿ, ಆಂಟೀಜಿ" ಎಂದು ಹೇಳಿ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತ. ಇಸ್ತ್ರಿ ಭಯ್ಯಾನ ಹೆಂಡತಿ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು.

ದೊಡ್ಡಮ್ಮ ಫ್ಯಾನ್ ನಿಲ್ಲಿಸಲು ಹೇಳಿ ಎಲೆ ನೋಡತೊಡಗಿದಳು. ಮೇ ತಿಂಗಳ ಆ ಸೆಖೆಯಲ್ಲೂ ನನ್ನ ತೋಳಿನ ಕೂದಲು ಎದ್ದು ನಿಂತವು. ಆಮೇಲೆ ಅವಳು, ಸಾರಿಗೆ ಉಪ್ಪು ಸಾಲದು ಎನ್ನುವ ದನಿಯಲ್ಲಿ, ನಗುತ್ತಲೇ ಕನ್ನಡದಲ್ಲಿ ಹೇಳಿದಳು: "ಇದೇ ಕೋಣೇಲಿ ಇದಾವೆ ಕಣೇ. ಕರೀ ಮಡಕೆ. ಒಳಗೆ ಮೆತ್ತನೆ ಬಟ್ಟೆ ಹೊಲಿದಿದಾರೆ, ಅದರ ಹಿಂದೆ ಎರಡು ಬಳೆ. ನೀನು ನಗ್ತಾ ಇರು."

ನಮ್ಮ ಮನೆಯಲ್ಲೆಲ್ಲಿಯ ಮಡಕೆ? ಸುತ್ತ ನೋಡುವಾಗ ಅವನ ತೊಡೆಯ ಮೇಲೆ ಕಣ್ಣು ಬಿತ್ತು. ಕಪ್ಪು ಹೆಲ್ಮೆಟ್. ಅಯ್ಯೋ ದೇವರೇ, ಜೀವ ಬಾಯಿಗೆ ಬಂತು! "ಮಾತಾಜಿ ಏನಂದ್ರು?" ಎಂದು ಕೇಳಿದವನೂ ಅವನೇ, ಕೈ ಮುಗಿದುಕೊಂಡು. ನಮಗೂ ಅವನಿಗೂ ನಡುವೆ ಒಂದು ಟೀಪಾಯಿ ಮಾತ್ರ ಇತ್ತು.

"ಏನೂ ಕಾಣಿಸ್ತಿಲ್ವಂತೆ" ಎಂದೆ ಹಿಂದಿಯಲ್ಲಿ. "ಕಣ್ಣಿಗೆ ಪೊರೆ ಅಲ್ವಾ. ಚಲೋ, ಎಲ್ಲರೂ ಟೀ ಕುಡ್ಕೊಂಡು ಹೋಗಿ."

ಬಾಗಿಲ ಬಳಿ ಕೂತಿದ್ದವಳು ಎದೆ ಬಡಿದುಕೊಂಡು ಅತ್ತಳು. ಅವಳ ಗಂಡನನ್ನು ಉಳಿಸಲೆಂದೇ ಅವಳ ಮುಖ ನೋಡಿ ಸುಳ್ಳು ಹೇಳಿದ್ದೆ. ಆದರೂ ಭೂಮಿ ಬಾಯಿಬಿಡಬಾರದೇ ಅನಿಸಿತು. ಸುಬೇದಾರರಿಗೆ ದೊಡ್ಡಮ್ಮನ ಮಾತು ಅರ್ಥವಾಗಿತ್ತು. ಮುಖದಲ್ಲಿ ಏನೂ ತೋರಿಸದೆ "ಟೀಗೆ ಹಾಲು ಸಾಲದು, ನಮ್ಮ ಮನೆಯಿಂದ ತರ್ತೇನೆ" ಎಂದು ಹಿಂದಿಯಲ್ಲೇ ಹೇಳಿ ಹೊರಟರು. ಹಾಲು ಬರಲಿಲ್ಲ, ಮೇಲಿನ ಮಹಡಿಯಿಂದ ಅವರ ಜೊತೆ ಇಬ್ಬರು ಪೊಲೀಸರು ಬಂದರು. "ಬೇಟಾ, ಆ ಹೆಲ್ಮೆಟ್ ಕೊಡು" ಎಂದರು ಸುಬೇದಾರರು. ಅವನು ಅದನ್ನು ಎದೆಗೆ ಅವುಚಿಕೊಂಡ. ಕಿತ್ತಾಟದಲ್ಲಿ ಒಳಗಿನ ಮೆತ್ತೆ ಹರಿದು, ಬಳೆಗಳು ನೆಲಕ್ಕೆ ಬಿದ್ದು ಟಿವಿ ಸ್ಟ್ಯಾಂಡಿನ ಅಡಿಗೆ ಉರುಳಿದವು. ಅಲ್ಲಿಗೆ ಅವನ ವಿನಯ ಮುಗಿಯಿತು. ಅಂಥ ಬೈಗುಳ ನಾನು ದಿಲ್ಲಿಯ ಬಸ್ಸಿನಲ್ಲೂ ಕೇಳಿರಲಿಲ್ಲ.

ಇಸ್ತ್ರಿ ಭಯ್ಯಾ ಬಿಡುಗಡೆಯಾಗಿ ಬಂದಾಗ ಸೊಸೈಟಿಯವರು ಹಾರ ಹಾಕಿದರು, ನಾಚಿಕೆಗೆಟ್ಟವರು. ಹಾರ ತೆಗೆಯಲು ಅವನು ಎಡಗೈ ಎತ್ತಿದ. ಲಾಕಪ್ಪಿನಲ್ಲಿ ಬಲಗೈಯ ಬೆರಳು ಮುರಿದಿದ್ದರು. ಇಸ್ತ್ರಿಪೆಟ್ಟಿಗೆ ಹಿಡಿಯಲು ಆಗುತ್ತಿರಲಿಲ್ಲ.

ಆಪರೇಷನ್ ಮುಗಿದು ದೊಡ್ಡಮ್ಮ ಊರಿಗೆ ಹೊರಟ ದಿನ ಗಂಡ ಹೆಂಡತಿ ಇಬ್ಬರೂ ಬಂದರು. ಹೆಂಡತಿ ಸೆರಗಿನ ಗಂಟು ಬಿಚ್ಚಿ ಒಂದು ವೀಳ್ಯದೆಲೆ ತೆಗೆದಳು. "ಮಾತಾಜಿ, ಇವರ ಕೈ ಮೊದಲಿನ ಹಾಗೆ ಆಗುತ್ತಾ?" ಅದು ಕಳೆದ ವಸ್ತುವಲ್ಲ, ಆದರೂ ದೊಡ್ಡಮ್ಮ ಇಲ್ಲವೆನ್ನಲಿಲ್ಲ. ಅಂಜನ ಬಳಿದು ತುಂಬಾ ಹೊತ್ತು ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಆಮೇಲೆ ಹೆಂಡತಿಯ ತಲೆ ಸವರುತ್ತಾ ನನಗೆ ಹೇಳಿದಳು: "ಆಗಲ್ಲ ಕಣೇ. ತಲೆ ಬೆಳ್ಳಗಾದ ಮೇಲೂ ಇಸ್ತ್ರಿಪೆಟ್ಟಿಗೆ ಇವಳ ಕೈಯಲ್ಲೇ ಕಾಣ್ತಿದೆ."

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಆಗುತ್ತಂತೆ" ಎಂದೆ. "ಸ್ವಲ್ಪ ತಡವಾಗುತ್ತೆ, ಆದರೆ ಆಗುತ್ತಂತೆ."

ಅವಳು ಗಂಡನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕಳು. ಟೀ ಮಾಡುತ್ತೇನೆಂದು ನಾನು ಅಡಿಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಅತ್ತುಬಿಟ್ಟೆ.