ಮಳೆಕಾಡಿನಲ್ಲಿ ಕಳೆ

ಸುಮ್ಮನೆ ಕೂರುವ ಕೈಗಳು ಕೆಲವರಿಗಿರುತ್ತವೆ. ನನಗಿಲ್ಲ. ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಈ ಕೈಗಳ ದೆಸೆಯಿಂದ ಒಂದು ಮಧ್ಯಾಹ್ನ, ಭೂಮಿ ಬಾಯಿ ಬಿಟ್ಟರೆ ಸಾಕೆಂದು ನಿಂತಿದ್ದೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಕೊಕ್ಕನೂರಿನ ಬೇಸಾಯದ ಮನೆಯ ಮಗಳು. ಕಾಲುವೆ ನೀರು ಬಂದ ಹೊಸತರಲ್ಲಿ ಮದುವೆಯಾಗಿ ದಾವಣಗೆರೆಯ ಜವಳಿ ಅಂಗಡಿಯವರ ಮನೆ ಸೇರಿದೆ. "ಹಳ್ಳಿ ಹುಡುಗಿ, ಪೇಟೆಗೆ ಒಗ್ತಾಳೋ ಇಲ್ಲೋ" ಎಂದು ಮದುವೆಯಲ್ಲೇ ಯಾರೋ ಅಂದದ್ದು ಕೇಳಿಸಿತ್ತು. ಅಂದಿನಿಂದ ನನಗೆ ಒಂದೇ ಹಟ: ಅತ್ತೆಯ ಬಾಯಲ್ಲಿ ಸೈ ಅನ್ನಿಸಿಕೊಳ್ಳಬೇಕು. ಅತ್ತೆಯೋ ಮಾತು ಕಡಿಮೆ, ಸೀರೆಯ ನೆರಿಗೆ ಒಂದಿಷ್ಟೂ ಅಲುಗದವರು. ಅಂಗಡಿಯ ಗಲ್ಲಾದ ಪಕ್ಕದಲ್ಲೇ ಹುಟ್ಟಿರಬೇಕು ಎಂದುಕೊಂಡಿದ್ದೆ.

ಆಗ ಹರಿಹರದ ಹೊಳೆದಂಡೆಯಲ್ಲಿ ಅತ್ತೆಯ ನೆಂಟರಾದ ಸಾಹುಕಾರರೊಬ್ಬರು ಒಂದು ತೋಟ ಮಾಡಿಸಿದ್ದರು. ಬರೀ ಹೂದೋಟವಲ್ಲ, ಪರದೇಶದ ಮಳೆಕಾಡಿನ ಗಿಡಗಳು! ನಮ್ಮ ಬಿಸಿಲಿಗೆ ಅವು ಸುಟ್ಟುಹೋಗದಂತೆ ಮೇಲೆ ಗರಿಯ ಚಪ್ಪರ, ಹೊಳೆಗೆ ಪಂಪು, ಕೊಳವೆಗೆಲ್ಲ ತೂತು. ನಾವೆಲ್ಲ ಮಳೆಗಾಗಿ ಆಕಾಶ ನೋಡುತ್ತಿದ್ದರೆ ಅಲ್ಲಿ ಬೇಸಿಗೆಯಲ್ಲೂ ಹಗಲಿಡೀ ಜಿಟಿಜಿಟಿ. ಕೊಡೆಯಷ್ಟು ಅಗಲದ ಎಲೆಗಳು, ಗಾಳಿಯಲ್ಲೇ ಬೇರುಬಿಟ್ಟ ಬಳ್ಳಿಗಳು. ಪ್ರತಿಯೊಂದರ ಬುಡದಲ್ಲೂ ಹೆಸರು ಬರೆದ ತಗಡು. ನಾವು ಮಕ್ಕಳಿಗೂ ಅಷ್ಟು ಉದ್ದದ ಹೆಸರಿಡುವುದಿಲ್ಲ.

ಸಾಹುಕಾರರ ಹೆಂಡತಿ ಹೊಸ ಸೊಸೆಯಾದ ನನಗೆ ತೋಟ ತೋರಿಸುತ್ತೇನೆಂದು ಕರೆದಿದ್ದರು. ಅವರೂ ಅತ್ತೆಯೂ ಮುಂದೆ, ನಾನು ಹಿಂದೆ. ಒಂದು ದೊಡ್ಡ ಮರದ ಹತ್ತಿರ ಇಬ್ಬರೂ ಮಾತಿಗೆ ನಿಂತರು. ನಮ್ಮೂರಲ್ಲಿ ಒಂದು ರೂಢಿ ಇದೆ. ಯಾರ ಹೊಲದಲ್ಲಿ ಮಾತಾಡುತ್ತ ನಿಂತರೂ ಕಣ್ಣಿಗೆ ಬಿದ್ದ ಕಳೆಯನ್ನು ಕಿತ್ತು ಬದುವಿಗೆ ಹಾಕಿ ಬರಬೇಕು, ಅದು ಮರ್ಯಾದೆ. ಮರದ ಬುಡದಲ್ಲಿ ಹುಲ್ಲಿನಂಥದ್ದೇನೋ ಪೊಗದಸ್ತಾಗಿ ಬೆಳೆದಿತ್ತು. ಪಾಪ, ಇಷ್ಟೆಲ್ಲ ಮಾಡಿದವರು ಕಳೆ ತೆಗೆಸಿಲ್ಲವಲ್ಲ ಅನ್ನಿಸಿತು. ಹಿಡಿ ತುಂಬ ಕಿತ್ತ ಮೇಲೆ ಅದರ ನಡುವೆಯೂ ಒಂದು ತಗಡು ಕಂಡಿತು.

ಕಳೆ ಯಾವುದೆಂದು ಪಂಡಿತರು ಹೇಗೆ ವಿಂಗಡಿಸುತ್ತಾರೋ ತಿಳಿಯದು. ನಾನು ಕಲಿತದ್ದು ಇಷ್ಟು: ಬಿತ್ತದೆ ಬಂದದ್ದೆಲ್ಲ ಕಳೆ. ಜೋಳದ ಹೊಲದಲ್ಲಿ ಹುಟ್ಟಿದರೆ ಭತ್ತವೂ ಕಳೆಯೇ. ಹುಲ್ಲಿಗೆ ಹೆಸರಿಟ್ಟು, ನೀರುಣಿಸಿ ಸಾಕುವವರಿದ್ದಾರೆಂದು ಯಾವ ರೈತರ ಮಗಳು ಊಹಿಸಿಯಾಳು? ಆದರೆ ಈ ತತ್ವವೆಲ್ಲ ಹೊಳೆಯುವುದು ಈಗ. ಆಗ ಹೊಳೆದದ್ದು ಓಡಿಹೋಗುವುದೊಂದೇ.

"ಅಯ್ಯಯ್ಯೋ, ಯಾರು ಕಿತ್ತಿದ್ದು ಇದನ್ನ? ಹಡಗಿನಾಗ ತರ್ಸಿದ್ದು!" ಸಾಹುಕಾರರ ಹೆಂಡತಿ ಬೋಳಾದ ನೆಲವನ್ನೇ ನೋಡುತ್ತ ಕೂಗಿದರು. ಅಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಆ ಹಿಡಿಯನ್ನು ಕಸಿದುಕೊಂಡಿದ್ದರು.

"ನಾನೇ ಕಿತ್ತೆ ಕಣವ್ವ. ಕಳೆ ಅಂದ್ಕಂಡೆ," ಎಂದರು ಅತ್ತೆ.

"ಹೋಗ್ಲಿ ಬಿಡ್ರಿ ಅಕ್ಕ, ನಿಮಗೆ ಹೆಂಗೆ ಗೊತ್ತಾಗ್ಬೇಕು," ಎಂದು ಅವರು ನಕ್ಕರು. ಆ ನಗುವಿಗೆ ಅತ್ತೆಯ ಮುಖ ಕೆಂಪಾಯಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಕಿತ್ತವಳು ನಾನು, ನಗೆಗೀಡಾದವರು ಅವರು. ಇನ್ನು ಸೈ ಅನ್ನಿಸಿಕೊಳ್ಳುವ ಮಾತೆಲ್ಲಿ ಬಂತು?

"ತಪ್ಪಾತು ಅತ್ತೆ," ಎಂದೆ.

"ತಪ್ಪೇ ಮತ್ತೆ. ಹಂಗೇನು ಕೀಳೋದು? ಬೇರು ನೆಲದಾಗೇ ಉಳದೈತೆ. ಮಲೆಬೆನ್ನೂರಾಗ ನಮ್ಮವ್ವ ನೋಡಿದ್ರೆ ಹೊಲದಿಂದ ಎಬ್ಬಿಸಿ ಕಳಿಸ್ತಿದ್ಲು."

ನಾನು ಬಾಯಿ ತೆರೆದುಕೊಂಡು ಅವರನ್ನೇ ನೋಡಿದೆ. ಅವರು ಸುತ್ತ ಒಮ್ಮೆ ಕಣ್ಣಾಡಿಸಿ, ಪಕ್ಕದ ಸೀಟಿನವರಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಾಗಿದರು.

"ಆ ಸಾಹುಕಾರ್ರ ಹೆಂಡ್ತಿ ಮಾತು ಯಾರು ಕೇಳ್ತಿದ್ರು? ನಾನೂ ಆಗಿಂದ ಆ ಕಳೇನೇ ನೋಡ್ತಿದ್ದೆ. ನೀನು ಮುಂದಾದೆ."