ಯೀಸ್ಟಿನ ಮದುವೆ, ಸೋದರತ್ತೆಯ ಜಮಖಾನೆ

ಪಾವ್ ಉಬ್ಬಿಸುವ ಯೀಸ್ಟಿಗೂ ಮದುವೆ ಉಂಟು ಎಂದು ನಾನು ಸಿಂದಗಿಯ ಕಾಲೇಜಿನಲ್ಲಿ ಹೇಳಿದ ದಿನ, ಹಿಂದಿನ ಬೆಂಚಿನವರೂ ಎಚ್ಚರಾದರು. ಆ ಪಾಠ ಅವರ ಸಿಲೆಬಸ್ಸಿನಲ್ಲಿ ಇರಲಿಲ್ಲ. ಧಾರವಾಡದಲ್ಲಿ ಕಲಿತು ಹೊಸದಾಗಿ ಬಂದಿದ್ದೆ, ಬಾಯಿ ಸುಮ್ಮನಿರುತ್ತಿರಲಿಲ್ಲ. ಮೊಬೈಲು ಇನ್ನೂ ನಮ್ಮ ಕಡೆ ಬಂದಿರದ ಕಾಲ ಅದು.

ವಿಷಯ ಇಷ್ಟೇ. ಒಂದು ಯೀಸ್ಟ್ ಕಣ ತನ್ನ ವಾಸನೆ ಬಿಡುತ್ತದೆ. ಇನ್ನೊಂದರ ಹೊರಪೊರೆಗೆ ಅದು ತಾಗುತ್ತದೆ. ಈ ಸುದ್ದಿ ಒಳಗಿನ ಕೇಂದ್ರ ಮುಟ್ಟಬೇಕು. ಒಯ್ಯುವವು ಮೂರು ಪ್ರೋಟೀನು: ಮೊದಲನೆಯದು ಎರಡನೆಯದನ್ನು ಎಬ್ಬಿಸಬೇಕು, ಎರಡನೆಯದು ಮೂರನೆಯದನ್ನು. ಆದರೆ ಜೀವಕೋಶದ ಒಳಗೆ ನಮ್ಮೂರು ಇಂಡಿಯ ಸಂತೆಯಷ್ಟು ಗದ್ದಲ, ಯಾರು ಯಾರಿಗೆ ಸಿಗಬೇಕು? ಸಾಲದ್ದಕ್ಕೆ ಮೊದಲನೆಯದಕ್ಕೆ ಬೇರೆ ಕೆಲಸವೂ ಇದೆ. ಹೊರಗೆ ಉಪ್ಪು ಹೆಚ್ಚಾದರೂ ಸುದ್ದಿ ಒಯ್ಯುವುದು ಅದೇ. ಮದುವೆಯ ಸುದ್ದಿ ಉಪ್ಪಿನ ಸುದ್ದಿಯಾದರೆ ಮುಗಿಯಿತು ಕತೆ. ಅದಕ್ಕೇ ನಾಲ್ಕನೆಯದೊಂದು ಪ್ರೋಟೀನು ಇರುತ್ತದೆ. ಗೌಂಡಿಗಳು ನಿಲ್ಲಲು ಬಿದಿರು ಬಿಗಿದು ಕಟ್ಟುವ ಸಾರವೆ ಇದೆಯಲ್ಲ, ಅದರದೇ ಹೆಸರು ಇದಕ್ಕೆ: ಸಾರವೆ ಪ್ರೋಟೀನು. ಮೂವರನ್ನೂ ತನ್ನ ಮೈಮೇಲೆ ಸಾಲಾಗಿ ಹಿಡಿದುಕೊಂಡು ಕೂಡುತ್ತದೆ, ಅಷ್ಟೇ.

ಆಗ ನನ್ನ ಮದುವೆಯ ಮಾತೂ ನಡೆದಿತ್ತು. ಹುಡುಗ ಮುದ್ದೇಬಿಹಾಳದವನು, ಬಸವನ ಬಾಗೇವಾಡಿಯಲ್ಲಿ ಗಣಿತದ ಮಾಸ್ತರ. ಇಂಡಿಯ ನಮ್ಮ ಮನೆಗೆ ನೋಡಲು ಬಂದಾಗ ನಾನು ತಡೆಯಲಾರದೆ ಯೀಸ್ಟಿನ ಮದುವೆ ಹೇಳಿಬಿಟ್ಟೆ. ಉಳಿದವರೆಲ್ಲ ಕೆಮ್ಮಿದರು. ಅವನು ಮಾತ್ರ ತಟ್ಟೆಯ ಉಪ್ಪಿಟ್ಟು ಬಿಟ್ಟು, ಸಾರವೆ ಎರಡಾದರೆ ಕೆಲಸ ಎರಡು ಪಟ್ಟು ಬೇಗ ಆಗುತ್ತದೆಯೇ ಎಂದು ಕೇಳಿದ. ಉತ್ತರ ನನಗೆ ಗೊತ್ತಿತ್ತು, ಹೇಳುವಷ್ಟರಲ್ಲಿ ಅವ್ವ ಒಳಗೆ ಕರೆದಳು. ಆದರೆ ಮದುವೆಯಾದರೆ ಇವನನ್ನೇ ಎಂದು ನಾನು ಅಡುಗೆಮನೆಯ ಹೊಸ್ತಿಲು ದಾಟುವುದರೊಳಗೆ ನಿಶ್ಚಯ ಮಾಡಿದ್ದೆ.

ನನ್ನ ನಿಶ್ಚಯವನ್ನು ಕೇಳುವವರಾರು? ನಮ್ಮ ಮನೆತನದಲ್ಲಿ ಗಂಡಿನ ಕಡೆಯ ಮಾತು ಮೊದಲು ಸೋದರಮಾವನ ಕಿವಿಗೆ ಬೀಳಬೇಕು. ಮಾವ ಅಪ್ಪನಿಗೆ ಹೇಳಬೇಕು, ಅಪ್ಪ ಅಜ್ಜನಿಗೆ. ಅಜ್ಜ ಹೂಂ ಅಂದರೆ ಆಯಿತು. ಸಾಲು ತಪ್ಪಿದರೆ ಮಾವ ಸಿಟ್ಟಾಗುತ್ತಿದ್ದ, ಅವನ ಸಿಟ್ಟು ಜೋಳದ ಬಿತ್ತಿಗೆಗೆ ಹತ್ತಿದರೆ ರಾಶಿಗೆ ಇಳಿಯುತ್ತಿತ್ತು. ಹೊಲದ ಬದುವಿನ ತಕರಾರಿಗೂ ಹೀಗೆಯೇ ಇದೇ ಮೂವರು ಕೂಡುತ್ತಿದ್ದರು. ನಮ್ಮಕ್ಕನಿಗೆ ಬಂದ ಮೊದಲ ಸಂಬಂಧದಲ್ಲಿ ಮಾವನನ್ನು ಯಾರೋ ಪಕ್ಕದ ಹೊಲದವನ ಮಗ್ಗುಲಿಗೆ ಕೂರಿಸಿದರು. ಮದುವೆಯ ಮಾತು ಬದುವಿಗೆ ಹೊರಳಿ, ಬೀಗರಾಗಬೇಕಾದವರು ಬಡಿಗೆ ಹುಡುಕುವಂತಾಯಿತು.

ಆಮೇಲಿಂದ ಎಲ್ಲ ಮಾತುಕತೆಯೂ ಸಾಲೋಟಗಿಯ ಸೋದರತ್ತೆಯ ಮನೆಯಲ್ಲಿ. ಅಪ್ಪನ ಅಕ್ಕ. ಆಕೆ ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ, ಹೆಣ್ಣು ಗಂಡು ಹೇಗೆಂದು ಒಂದು ಮಾತೂ ಆಡುತ್ತಿರಲಿಲ್ಲ. ಕೆಂಪು ಜಮಖಾನೆ ಹಾಸಿ, ಯಾರ ಮಗ್ಗುಲಿಗೆ ಯಾರು ಎಂದು ಕೈ ಹಿಡಿದು ಕೂರಿಸುತ್ತಿದ್ದಳು. ಅಪ್ಪನಿಗೆ ಇದೊಂದು ಕೆಲಸವೆಂದೇ ಅನ್ನಿಸಿರಲಿಲ್ಲ.

“ಅಕ್ಕ ಏನ್ ಮಾಡ್ತಾಳ? ಬರೇ ಕುಂದ್ರಸ್ತಾಳ” ಎಂದ. ಗಂಡಿಗೆ ಬೇರೆ ಕಡೆಯಿಂದಲೂ ಕೇಳಿಕೆ ಬಂದಿದೆಯೆಂದು ಗೊತ್ತಾದದ್ದೇ ಅವನಿಗೆ ಅವಸರ ಹತ್ತಿತು. ಕೆಲಸ ಬೇಗ ಆಗಲೆಂದು ಅಗರಖೇಡದ ಪರಿಚಯದ ಮಾಸ್ತರರಿಗೂ ಝಳಕಿಯ ಖಾನಾವಳಿಯವನಿಗೂ, ನೀವೂ ನಡುವೆ ನಿಂತು ಮುಗಿಸಿಕೊಡಿ ಎಂದು ಹೇಳಿ ಬಂದ. ನನಗೆ ತಿಳಿಸಲಿಲ್ಲ.

ಮಾತುಕತೆಗೆ ಗೊತ್ತುಮಾಡಿದ ದಿನ ಮೂರೂ ಕಡೆ ಚಾ ಕುದಿಯಿತು. ಅಗರಖೇಡದ ಮಾಸ್ತರರು ಮಾವನನ್ನು ಹಿಡಿದು ಕೂರಿಸಿಕೊಂಡರು. ಝಳಕಿಯವನು ಬಸ್ಸಿಳಿದ ಗಂಡಿನ ಕಡೆಯವರನ್ನೂ ಅಪ್ಪನನ್ನೂ ತನ್ನ ಖಾನಾವಳಿಗೆ ಎಳೆದ. ಸಾಲೋಟಗಿಯ ಜಮಖಾನೆಯ ಮೇಲೆ ಅಜ್ಜ ಒಬ್ಬನೇ, ಹೂಂ ಅನ್ನಲು ತಯಾರಾಗಿ, ಚುರುಮುರಿ ತಿನ್ನುತ್ತ ಕೂತ. ಮಾವನಿಗೆ ಹೇಳದೆ ಅಪ್ಪನಿಗೆ ಹೇಳುವಂತಿಲ್ಲವೆಂದು ಗಂಡಿನ ಕಡೆಯವರು ಮಳೆ ಬೆಳೆಯ ಮಾತನ್ನೇ ಹಿಗ್ಗಿಸಿದರು. ಕೊನೆಗೆ ಹೆಣ್ಣಿನವರಿಗೆ ಮನಸ್ಸಿಲ್ಲವೆಂದು ತಿಳಿದು, ಭಜಿ ತಿಂದು, ಬಸ್ಸು ಹತ್ತಿದರು.

ಅಪ್ಪ ಮುಖ ಇಳಿಬಿಟ್ಟು ಬಂದು ಇದೆಲ್ಲ ಹೇಳಿದಾಗ ನನಗೆ ಅಳು, ಸಿಟ್ಟು ಒಟ್ಟಿಗೇ ಬಂದವು. ಸಾರವೆ ಹೆಚ್ಚಾದರೆ ಒಂದೊಂದರ ಮೇಲೆ ಒಬ್ಬೊಬ್ಬರು ಕೂತು, ಸುದ್ದಿ ನಿಂತೇ ಹೋಗುತ್ತದೆ. ಕರಿಹಲಗೆಯ ಮೇಲೆ ನಾನು ಬರೆದು ತೋರಿಸಿದ್ದು ಇದನ್ನೇ. ಯೀಸ್ಟಿಗೆ ತಿಳಿಯುವುದು ನಿನಗೆ ತಿಳಿಯಲಿಲ್ಲವಲ್ಲ ಎಂದು ಅಪ್ಪನ ಮೇಲೆ ಹರಿಹಾಯ್ದೆ. ಅವನು ಅಗರಖೇಡದವರನ್ನೂ ಝಳಕಿಯವನನ್ನೂ ನಡುವಿನಿಂದ ಬಿಡಿಸಿದ್ದು ಹೇಗೆಂದು ಆಮೇಲೆ ತಿಳಿಯಿತು: ಹುಡುಗಿಯ ತಲೆ ಸದ್ಯ ಸರಿಯಿಲ್ಲ, ಮದುವೆ ಅಂದರೆ ಬಿದಿರು ಅನ್ನುತ್ತಾಳೆ ಎಂದು ಹೇಳಿ ಬಂದಿದ್ದ.

ಅತ್ತೆ ಒಬ್ಬಳೇ ಹುಡುಗನಿದ್ದ ಬಾಗೇವಾಡಿಗೆ ಹೋದಳು. ಅಲ್ಲಿ ಏನು ಹೇಳಿದಳೋ, ಗಂಡಿನ ಕಡೆಯವರು ಮತ್ತೆ ಬಂದರು. ಅತ್ತೆ ಜಮಖಾನೆ ಹಾಸಿದಳು. ಗಂಡಿನ ಅಪ್ಪನ ಮಗ್ಗುಲಿಗೆ ಮಾವ, ಮಾವನ ಮಗ್ಗುಲಿಗೆ ಅಪ್ಪ, ಅಪ್ಪನ ಮಗ್ಗುಲಿಗೆ ಅಜ್ಜ. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಮಾತು ಒಬ್ಬರಿಂದ ಒಬ್ಬರಿಗೆ ಸರಿಯಿತು. ಅಜ್ಜ ಚುರುಮುರಿ ನುಂಗಿ ಹೂಂ ಅಂದ.

ಎಲ್ಲರೂ ಏಳುವವರಿದ್ದರು. ಅತ್ತೆ ಮಾತ್ರ ಅಜ್ಜನ ಮಗ್ಗುಲಿಗೆ ಉಳಿದ ಜಾಗವನ್ನು ಅಂಗೈಯಿಂದ ಬಡಿದಳು. ಅಲ್ಲಿ ಒಂದು ಜಾಗ ಉಳಿದದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

“ಏಳಬ್ಯಾಡ್ರಿ. ಸುದ್ದಿ ಮುಟ್ಟೋದು ಇಲ್ಲಿಗೆ” ಎಂದಳು, ನನ್ನತ್ತ ತಿರುಗಿ. “ಬಾರವ್ವ, ಕುಂದ್ರು. ನಿನ್ನ ಕೇಳದ ಹೆಂಗ?”

ನಮ್ಮ ಮನೆತನದಲ್ಲಿ ಹೆಣ್ಣನ್ನು ಹಾಗೆ ಕೂರಿಸಿ ಕೇಳಿದ್ದಿಲ್ಲ. ಮಾವ ಬಾಯಿ ತೆರೆದ. ಆದರೆ ಅತ್ತೆ ಕೂರಿಸಿದ ಮೇಲೆ ಅಲ್ಲಿಂದ ಎಬ್ಬಿಸಿದವರಿಲ್ಲ. ಹೋಗಿ ಕೂತೆ. ತಾಸುಗಟ್ಟಲೆ ಪಾಠ ಹೇಳುವ ನನ್ನ ಗಂಟಲಿನಿಂದ ಒಂದು ಹೂಂ ಹೊರಡಲೊಲ್ಲದು. ಕಣ್ಣು ತುಂಬಿತ್ತು, ಎದುರಿಗೆ ಗಣಿತದ ಮಾಸ್ತರ ಉಸಿರು ಬಿಗಿಹಿಡಿದು ಕೂತಿದ್ದ.

ಅತ್ತೆ ನನ್ನ ತೊಡೆಗೆ ಚಿವುಟಿ, “ಲಗೂನ ಹೇಳವ್ವ. ಚಾ ಆರಾಕತ್ತೈತಿ” ಎಂದಳು.

ಹೂಂ ಅಂದೆ.